ಸೋತವನು ಮುಂದಿನ ಶನಿವಾರವೂ ಆಟಕ್ಕೆ ಬರಬೇಕು

ಯೂರೋಪಾ ಯೂನಿವರ್ಸಾಲಿಸ್ 4 ಅನ್ನುವ ಕಂಪ್ಯೂಟರ್ ಆಟವನ್ನು ಒಬ್ಬರೇ ಆಡುವವರು ನನಗೆ ಸಾಕಷ್ಟು ಜನ ಗೊತ್ತು. ಗೆಳೆಯರ ಜೊತೆ ತಿಂಗಳುಗಟ್ಟಲೆ ಒಂದೇ ಕ್ಯಾಂಪೇನ್, ಅಂದರೆ ಒಮ್ಮೆ ಶುರು ಮಾಡಿದ ಅದೇ ಆಟವನ್ನು, ನಡೆಸಿದವರು ಕಡಿಮೆ. ಶುರು ಮಾಡುವವರು ಜಾಸ್ತಿ, ಎರಡು ಮೂರು ವಾರಕ್ಕೆ ಬಿಡುವವರೂ ಜಾಸ್ತಿ. ಒಬ್ಬ ಯುದ್ಧದಲ್ಲಿ ಸೋಲುತ್ತಾನೆ. ಅವನಿಗೆ ಮುಂದೆ ಮಾಡಲು ಏನೂ ಉಳಿದಿರುವುದಿಲ್ಲ. ಮುಂದಿನ ವಾರ ಏನೋ ಕೆಲಸ ಬಂತು ಅನ್ನುತ್ತಾನೆ. ಅಲ್ಲಿಗೆ ಆಟ ಮುಗಿಯಿತು. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಅಂತ ಹಂಚಿಹೋಗಿರುವ ನಾವು ನಾಲ್ವರು ಇದನ್ನು ಬಿಡದೆ ಹೇಗೆ ನಡೆಸಿಕೊಂಡು ಬಂದಿದ್ದೇವೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಆಟ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಇದು ಸ್ವೀಡನ್ನಿನ ಪ್ಯಾರಡಾಕ್ಸ್ ಕಂಪನಿ 2013ರಲ್ಲಿ ತಂದ ಆಟ. 1444ರ ನವೆಂಬರ್ 11ಕ್ಕೆ ಶುರುವಾಗಿ 1821ರವರೆಗೆ ಹೋಗುತ್ತದೆ. ಆ ಕಾಲದ ಭೂಪಟದ ಮೇಲಿರುವ ಯಾವ ರಾಜ್ಯವನ್ನಾದರೂ ಆರಿಸಿಕೊಳ್ಳಬಹುದು. ತೆರಿಗೆ, ವ್ಯಾಪಾರ, ಸೈನ್ಯ, ಮದುವೆ ಸಂಬಂಧ, ಸಾಲ ಎಲ್ಲವೂ ನಿಮ್ಮ ತಲೆಗೇ. ಚದುರಂಗದ ಹಾಗೆ ಸರದಿ ಇರುವುದಿಲ್ಲ. ದಿನಗಳು ಉರುಳುತ್ತಲೇ ಇರುತ್ತವೆ, ಎಲ್ಲರೂ ಒಟ್ಟಿಗೇ ಆಡಬೇಕು.

ನಾನಿರುವುದು ಹುಬ್ಬಳ್ಳಿಯ ವಿದ್ಯಾನಗರದಲ್ಲಿ. ಧಾರವಾಡದವನು ಪಿಯು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಾನೆ. ಗದಗಿನವನದು ಪ್ರಿಂಟಿಂಗ್ ಪ್ರೆಸ್. ಹಾವೇರಿಯವನು ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುತ್ತಾನೆ, ಸೀಸನ್ ಜೋರಿದ್ದಾಗ ಅವನು ಸಿಗುವುದೇ ಕಷ್ಟ. ಶನಿವಾರ ರಾತ್ರಿ ಊಟ ಆದ ಮೇಲೆ, ಆಡುತ್ತಾ ಮಾತಾಡಲು ಬಳಸುವ ಡಿಸ್ಕಾರ್ಡ್ ಆ್ಯಪ್‌ನಲ್ಲಿ ಕೂಡುತ್ತೇವೆ. ಅಪರೂಪಕ್ಕೆ ಎಲ್ಲರೂ ನಮ್ಮ ಮನೆಗೇ ಬರುತ್ತಾರೆ. ಧಾರವಾಡದವನು ಚಿಗರಿ ಬಸ್ಸಿಗೆ, ಉಳಿದಿಬ್ಬರು ರೈಲಿಗೆ. ಗಿರ್ಮಿಟ್ಟು, ಮಿರ್ಚಿ, ಚಹಾ, ಡೈನಿಂಗ್ ಟೇಬಲ್ ಮೇಲೆ ನಾಲ್ಕು ಲ್ಯಾಪ್‌ಟಾಪ್. ಆ ರಾತ್ರಿಗಳ ಖುಷಿಯೇ ಬೇರೆ.

ಮೊದಲು ತಾಂತ್ರಿಕ ವಿಷಯ ಮುಗಿಸಿಬಿಡುತ್ತೇನೆ. ಆಟ ತೆರೆದ ಕೂಡಲೇ ಪರದೆಯ ಮೇಲೆ ವರ್ಷನ್ ಸಂಖ್ಯೆಯ ಪಕ್ಕ ನಾಲ್ಕು ಅಕ್ಷರದ ಚೆಕ್‌ಸಮ್ ಕಾಣುತ್ತದೆ. ನಾಲ್ವರದೂ ಒಂದೇ ಇರಬೇಕು. ಬೇರೆ ಬಂತು ಅಂದರೆ ಯಾರದೋ ವರ್ಷನ್ ಬೇರೆ, ಇಲ್ಲವೇ ಯಾರೋ ಆಟವನ್ನು ಬದಲಿಸುವ ಮಾಡ್ ಹಾಕಿಕೊಂಡಿದ್ದಾರೆ. ಕೂಡುವ ಮೊದಲೇ ವಾಟ್ಸಾಪ್‌ನಲ್ಲಿ ಆ ನಾಲ್ಕು ಅಕ್ಷರ ಕಳಿಸಿಕೊಂಡರೆ ಅರ್ಧ ಗಂಟೆ ಉಳಿಯುತ್ತದೆ. ಡಿಎಲ್‌ಸಿಗಳನ್ನು, ಅಂದರೆ ಬೇರೆಯಾಗಿ ಮಾರುವ ಹೆಚ್ಚುವರಿ ಭಾಗಗಳನ್ನು, ಎಲ್ಲರೂ ಕೊಳ್ಳಬೇಕಿಲ್ಲ. ಹೋಸ್ಟ್ ಮಾಡುವವನ, ಅಂದರೆ ತನ್ನ ಕಂಪ್ಯೂಟರಿನಲ್ಲಿ ಆಟ ತೆರೆದು ಉಳಿದವರನ್ನು ಸೇರಿಸಿಕೊಳ್ಳುವವನ, ಹತ್ತಿರ ಇದ್ದರೆ ಆ ಆಟದಲ್ಲಿ ಎಲ್ಲರಿಗೂ ಸಿಗುತ್ತವೆ. ಹಾಗಾಗಿ ನಾವು ದುಡ್ಡು ಹಾಕಿ ಒಬ್ಬನ ಅಕೌಂಟಿಗೇ ಕೊಂಡೆವು. ಇಂಟರ್ನೆಟ್ ವೇಗದ ಬಗ್ಗೆ ಜಾಸ್ತಿ ಚಿಂತೆ ಬೇಡ. ಲೆಕ್ಕಾಚಾರವೆಲ್ಲ ಪ್ರತಿಯೊಬ್ಬರ ಕಂಪ್ಯೂಟರಿನಲ್ಲೇ ನಡೆಯುತ್ತದೆ, ತಂತಿಯಲ್ಲಿ ಹೋಗುವುದು ನಮ್ಮ ಆಜ್ಞೆಗಳು ಮಾತ್ರ. ಮೊಬೈಲ್ ಹಾಟ್‌ಸ್ಪಾಟ್ ಸಾಕಾಗುತ್ತದೆ. ಆದರೆ ಒಬ್ಬನ ಲ್ಯಾಪ್‌ಟಾಪ್ ನಿಧಾನವಿದ್ದರೆ ಎಲ್ಲರ ಆಟವೂ ಅವನ ವೇಗಕ್ಕೆ ಇಳಿಯುತ್ತದೆ. ಕರೆಂಟ್ ಹೋಗುವುದು ಇದ್ದದ್ದೇ. ರೂಟರಿಗೊಂದು ಚಿಕ್ಕ ಯುಪಿಎಸ್ ಹಾಕಿ, ಆಟೋಸೇವ್ ಪದೇ ಪದೇ ಆಗುವ ಹಾಗೆ ಇಟ್ಟುಕೊಳ್ಳಿ. ಔಟ್ ಆಫ್ ಸಿಂಕ್ ಅಂತ ಬಂದರೆ, ಅಂದರೆ ಒಬ್ಬನ ಆಟ ಉಳಿದವರ ಆಟಕ್ಕೆ ತಾಳೆಯಾಗದಿದ್ದರೆ, ಹಾಗೇ ಮುಂದುವರಿಸಬೇಡಿ. ಹೋಸ್ಟ್ ಸೇವ್ ಮಾಡಿ ಹೊರಬಂದು ಮತ್ತೆ ತೆರೆಯುವುದೇ ವಾಸಿ.

ಇನ್ನು ನಿಜವಾದ ವಿಷಯ: ಯಾರು ಯಾವ ರಾಜ್ಯ ಹಿಡಿಯಬೇಕು.

ನಮ್ಮ ಮೊದಲ ಕ್ಯಾಂಪೇನಿನಲ್ಲಿ ಗದಗಿನವನು ವಿಜಯನಗರ, ಹಾವೇರಿಯವನು ಬಹಮನಿ. ಈ ಕಡೆ ಹುಟ್ಟಿದವರಿಗೆ ಇದಕ್ಕಿಂತ ಸಹಜ ಆಯ್ಕೆ ಯಾವುದಿದೆ? 1444ರಲ್ಲಿ ಇಮ್ಮಡಿ ದೇವರಾಯ ಸಿಂಹಾಸನದ ಮೇಲಿದ್ದಾನೆ, ಬೀದರಿನಲ್ಲಿ ಇಮ್ಮಡಿ ಅಲಾವುದ್ದೀನ್ ಅಹಮದ್ ಷಾ. ಕೃಷ್ಣಾ ತುಂಗಭದ್ರಾ ನಡುವಿನ ನೆಲವಾದ ರಾಯಚೂರು ದೋಆಬ್‌ಗಾಗಿ ಇಬ್ಬರಿಗೂ ಹಳೇ ಜಗಳ. ಆಟದಲ್ಲೂ ಹಾಗೇ ಆಯಿತು. ಮೂವತ್ತು ವರ್ಷ ತುಂಬುವುದರೊಳಗೆ ಭೂಪಟದಲ್ಲಿ ಬಹಮನಿ ಅನ್ನುವ ಹೆಸರೇ ಇರಲಿಲ್ಲ. ಕೊನೆಯ ಒಪ್ಪಂದದ ಹೊತ್ತಿಗೆ ಹಾವೇರಿಯವನು ಕೇಳಿದ್ದು ಒಂದೇ ಮಾತು: “ಲೇ, ಇದೂ ನೀನ ತಗೊಂಡ್ರ ಮುಂದಿನ ವಾರ ನಾ ಏನ್ ಆಡ್ಲಿ?” ಯಾರ ಹತ್ತಿರವೂ ಉತ್ತರವಿರಲಿಲ್ಲ. ಆ ಕ್ಯಾಂಪೇನ್ ಅಲ್ಲೇ ನಿಂತಿತು.

ನಮ್ಮ ನಿಯಮಗಳೆಲ್ಲ ಆ ಪ್ರಶ್ನೆಗೆ ಕೊಟ್ಟ ಉತ್ತರಗಳು. ಮನುಷ್ಯರು ಆಡುವ ಇಬ್ಬರು ಅಕ್ಕಪಕ್ಕ ಇರಬಹುದು, ಆದರೆ ಇಬ್ಬರಿಗೂ ಬೆಳೆಯಲು ಬೇರೆ ಒಂದು ದಿಕ್ಕು ಖಾಲಿ ಇರಬೇಕು. ಈಗ ನಾನು ಬಹಮನಿ, ಗದಗಿನವನು ಮತ್ತೆ ವಿಜಯನಗರ. ನನಗೆ ಉತ್ತರದಲ್ಲಿ ಮಾಳವ, ಪೂರ್ವಕ್ಕೆ ಗೊಂಡವಾನ ಇವೆ. ಅವನಿಗೆ ದಕ್ಷಿಣವೆಲ್ಲ ಇದೆ, ಒರಿಸ್ಸಾ ಇದೆ. ಹಾವೇರಿಯವನು ಪೋರ್ಚುಗಲ್, ಧಾರವಾಡದವನು ಆಟೊಮನ್. ಈ ಇಬ್ಬರು ಮೊದಲ ಐವತ್ತು ವರ್ಷ ನಮ್ಮನ್ನು ಮುಟ್ಟುವುದಿಲ್ಲ, ಆಮೇಲೆ ಬಂದೇ ಬರುತ್ತಾರೆ. ಮಲಬಾರಿನ ಮೆಣಸಿನ ದುಡ್ಡು ಏಡನ್ ದಾರಿ ಹಿಡಿದು ಅಲೆಕ್ಸಾಂಡ್ರಿಯಾಕ್ಕೆ ಹೋಗಬೇಕೋ, ಆಫ್ರಿಕಾದ ತುದಿ ಸುತ್ತಿ ಹೋಗಬೇಕೋ ಅನ್ನುವ ಜಗಳ ಅವರಿಬ್ಬರದು. ನಾವು ಯಾರ ಕಡೆ ನಿಲ್ಲುತ್ತೇವೆ ಅನ್ನುವುದಕ್ಕೆ ಅವರು ಬೆಲೆ ಕೊಡಬೇಕಾಗುತ್ತದೆ. ಹೀಗೆ ಹಂಚಿಕೊಂಡರೆ ಬಲ ಕಡಿಮೆ ಇರುವವನಿಗೂ ಮಾತಾಡಲು ಒಂದು ವಿಷಯ ಇರುತ್ತದೆ.

ಎರಡನೆಯದು, ಮನುಷ್ಯ ಮನುಷ್ಯನ ನಡುವಿನ ಯುದ್ಧದಲ್ಲಿ ಗೆದ್ದವನು ಮೂರು ಪ್ರಾಂತ್ಯಕ್ಕಿಂತ ಜಾಸ್ತಿ ಕೇಳುವ ಹಾಗಿಲ್ಲ. ರಾಜಧಾನಿ ಮುಟ್ಟುವ ಹಾಗಿಲ್ಲ. ಉಳಿದದ್ದನ್ನು ದುಡ್ಡಿನಲ್ಲಿ, ಯುದ್ಧ ಪರಿಹಾರದಲ್ಲಿ ತೆಗೆದುಕೊಳ್ಳಬಹುದು. ಪರಿಹಾರ ಅಂದರೆ ಸೋತವನ ಆದಾಯದ ಶೇ. 10 ಭಾಗ ಹತ್ತು ವರ್ಷ. ಅದೇನೂ ಸಣ್ಣದಲ್ಲ. ಆಟದಲ್ಲೇ ಕದನವಿರಾಮದ ನಿಯಮ ಇದೆ, ಗೆದ್ದದ್ದು ಎಷ್ಟು ಅನ್ನುವುದರ ಮೇಲೆ 5ರಿಂದ 15 ವರ್ಷ. ಅದನ್ನು ಮುರಿದರೆ ನಿಮ್ಮ ರಾಜ್ಯದ ಸ್ಥಿರತೆ 5 ಅಂಕ ಬೀಳುತ್ತದೆ. ಅಳತೆ ಇರುವುದೇ ಮೈನಸ್ 3ರಿಂದ ಪ್ಲಸ್ 3, ಅಂದಮೇಲೆ ಅದು ಎಂಥ ಹೊಡೆತ ಅಂತ ನೀವೇ ಲೆಕ್ಕ ಹಾಕಿ.

ಕಂಪ್ಯೂಟರ್ ನಡೆಸುವ ರಾಜ್ಯಗಳು ಅತಿಯಾಗಿ ಬೆಳೆಯುವವನ ಮೇಲೆ ಒಟ್ಟಾಗಿ ಬೀಳುತ್ತವೆ. ಮನುಷ್ಯರಿಗೆ ಆ ಲೆಕ್ಕ ತಾನಾಗಿ ಅನ್ವಯಿಸುವುದಿಲ್ಲ. ಅದಕ್ಕೇ ಬಾಯಿಮಾತಿನ ನಿಯಮ ಬೇಕು ಅನ್ನುವುದು.

ಇದು ಕೆಲಸ ಮಾಡುತ್ತದೆ ಅಂತ ನನಗೆ ಖಾತ್ರಿಯಾಗಿದ್ದು ರಾಯಚೂರಿನಲ್ಲಿ. ನಾನು ಅಲ್ಲಿ ಕೋಟೆ ಕಟ್ಟಿದ್ದೆ. ಗದಗಿನವನು ಬಂದು ಮುತ್ತಿಗೆ ಹಾಕಿದ. ಮುತ್ತಿಗೆಯಲ್ಲಿ ಸುಮಾರು ಮೂವತ್ತು ದಿನಕ್ಕೊಮ್ಮೆ ದಾಳ ಬೀಳುತ್ತದೆ, ಕೋಟೆ ಬೀಳುವ ಸಾಧ್ಯತೆ ಎಷ್ಟು ಅಂತ ಪರದೆ ಮೇಲೆ ಕಾಣುತ್ತದೆ. ಶೇ. 7 ಇದ್ದದ್ದು 14 ಆಯಿತು. ನಾನು ಕೃಷ್ಣೆಯ ಆಚೆ ಸಾಲ ಮಾಡಿ ಬಾಡಿಗೆ ಸೈನ್ಯ ಕೂಡಿಸುತ್ತಿದ್ದೆ. ನದಿ ದಾಟಿ ಹೊಡೆದರೆ ನನ್ನ ದಾಳದಲ್ಲಿ ಒಂದು ಅಂಕ ಕಡಿಮೆಯಾಗುತ್ತದೆ, ಹಾಗಾಗಿ ಸುತ್ತು ಹಾಕಿ ಬರಬೇಕು. ಸುತ್ತು ಹಾಕಿದರೆ ಇನ್ನೊಂದು ತಿಂಗಳು. ಶೇ. 21. ಮೈಕಿನಲ್ಲಿ ಯಾರೂ ಮಾತಾಡುತ್ತಿಲ್ಲ. ನಾನು ಪಾಜ್ ಕೇಳಿದೆ. “ಪಾಜ್ ಬ್ಯಾಡಲೇ, ಇನ್ನ ಮೂರ ದಿನ ಐತಿ” ಅಂದ. ಮೂರು ದಿನ ಆಯಿತು, ದಾಳ ಬಿತ್ತು, ಕೋಟೆಯೂ ಬಿತ್ತು. ನನ್ನ ಸೈನ್ಯ ಇನ್ನೂ ದಾರಿಯಲ್ಲಿತ್ತು.

ಅವನ ಗೆಲುವಿನ ಅಂಕ ನೋಡಿದರೆ ಐದು ಪ್ರಾಂತ್ಯ ಕೇಳುವಷ್ಟಿತ್ತು. ದೋಆಬ್ ತೆಗೆದುಕೊಂಡ, ಪಕ್ಕದ್ದೊಂದು ತೆಗೆದುಕೊಂಡ, ಪರಿಹಾರ ಬರೆಸಿಕೊಂಡ. “ಇಷ್ಟ ಸಾಕಲೇ, ಉಳಿದದ್ದು ನೀನ ಇಟ್ಕೊ” ಅಂದ. ನಾನು ಸಾಲ ತೀರಿಸಿ ಮಾಳವದ ಕಡೆ ತಿರುಗಿದೆ. ಕದನವಿರಾಮ ಮುಗಿಯುವ ಹೊತ್ತಿಗೆ ಮೊದಲಿಗಿಂತ ದೊಡ್ಡವನಾಗಿದ್ದೆ. ಸೋತ ಆ ರಾತ್ರಿಯೇ ಮುಂದಿನ ವಾರ ಏನು ಮಾಡಬೇಕು ಅಂತ ಪಟ್ಟಿ ಬರೆದುಕೊಂಡು ಮಲಗಿದ್ದು ನನಗೆ ಚೆನ್ನಾಗಿ ನೆನಪಿದೆ. ಆಟ ಉಳಿಯುವುದು ಇಂಥ ಪಟ್ಟಿಯಿಂದ.

ಯುದ್ಧ ನಿಂತಾಗ ಧಾರವಾಡದವನ ಮಾತು ಶುರುವಾಗುತ್ತದೆ. ರಾಯಚೂರಿಗಾಗಿ 1520ರಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್ ಷಾನನ್ನು ಸೋಲಿಸಿದ ಕತೆ ಅವನು ಹೇಳಿದರೆ, ಹಾವೇರಿಯವನು ತನ್ನ ಜಿಲ್ಲೆಯ ಬಂಕಾಪುರವನ್ನು ಎತ್ತುತ್ತಾನೆ. ಒಂದನೇ ದೇವರಾಯ ಸೋತಾಗ ಮಗಳನ್ನು ಫಿರೋಜ್ ಷಾ ಬಹಮನಿಗೆ ಕೊಟ್ಟು, ಬಂಕಾಪುರದ ಕೋಟೆಯನ್ನು ವರದಕ್ಷಿಣೆಯಾಗಿ ಬಿಟ್ಟುಕೊಟ್ಟ ಅಂತ ಪರ್ಷಿಯನ್ ಭಾಷೆಯ ಹಳೆಯ ಚರಿತ್ರೆಕಾರರು ಬರೆದಿದ್ದಾರೆ. ನಾವು ಓಡಾಡುವ ನೆಲವೇ ಒಂದು ಕಾಲದಲ್ಲಿ ಒಪ್ಪಂದದ ಕಾಗದದಲ್ಲಿತ್ತು ಅಲ್ವಾ ಅನ್ನಿಸುತ್ತದೆ. ಈ ಮಾತುಕತೆಗೆ ಹೋಗುವ ಸಮಯವನ್ನು ನಾನು ಯಾವತ್ತೂ ವ್ಯರ್ಥ ಅಂತ ಎಣಿಸಿಲ್ಲ.

ವೇಗದ ಬಗ್ಗೆ ಒಂದು ಮಾತು. ಆಟದಲ್ಲಿ 1ರಿಂದ 5ರವರೆಗೆ ವೇಗ ಇದೆ. ನಾವು 3ರಲ್ಲಿ ಆಡುತ್ತೇವೆ, ನಮ್ಮ ನಮ್ಮಲ್ಲೇ ಯುದ್ಧ ಬಂದರೆ 2ಕ್ಕೆ ಇಳಿಸುತ್ತೇವೆ. ವೇಗ ಜಾಸ್ತಿ ಇಟ್ಟರೆ ಕೈಚಳಕ ಇದ್ದವನು ಗೆಲ್ಲುತ್ತಾನೆ, ಯೋಚನೆ ಮಾಡುವವನು ಹಿಂದೆ ಬೀಳುತ್ತಾನೆ. ಪಾಜ್ ಅನ್ನು ಮನೆಯಲ್ಲಿ ಯಾರೋ ಕರೆದಾಗ, ಒಪ್ಪಂದ ಮಾತಾಡುವಾಗ ಮಾತ್ರ ಒತ್ತುತ್ತೇವೆ. ಕುದುರೆಗಳು ನದಿ ದಾಟುತ್ತಿರುವಾಗ ಪಾಜ್ ಇಲ್ಲ. ಒಬ್ಬ ಬರದಿದ್ದರೆ ಅವನ ರಾಜ್ಯವನ್ನು ಕಂಪ್ಯೂಟರ್ ಕೈಗೆ ಕೊಡುವ ಬದಲು ಆ ವಾರ ಆಟವನ್ನೇ ಬಿಡುತ್ತೇವೆ. ಮೆಣಸಿನಕಾಯಿ ಸೀಸನ್ನಿನಲ್ಲಿ ಹೀಗೆ ಎಷ್ಟೋ ಶನಿವಾರ ಹೋಗುತ್ತವೆ, ಹೋಗಲಿ.

ಹೊಸ ಯೂರೋಪಾ ಯೂನಿವರ್ಸಾಲಿಸ್ 5 ಬಂದಿದೆ, 2025ರ ನವೆಂಬರಿನಲ್ಲಿ. ಅದು ಶುರುವಾಗುವುದು 1337ರಲ್ಲಿ. ವಿಜಯನಗರ ಹುಟ್ಟಿತು ಅಂತ ನಾವು ಶಾಲೆಯಲ್ಲಿ ಓದಿದ 1336ರ ಮರುವರ್ಷ. ಹೊಯ್ಸಳರ ಮೂರನೇ ಬಲ್ಲಾಳ ಇನ್ನೂ ಬದುಕಿದ್ದಾನೆ, ಬಹಮನಿ ಹುಟ್ಟಲು ಇನ್ನೂ ಹತ್ತು ವರ್ಷ ಇದೆ. ಧಾರವಾಡದವನಿಗೆ ಅದರದೇ ಧ್ಯಾನ. ಆದರೆ ಅದಕ್ಕೆ ಬೇಕಾದ ಕಂಪ್ಯೂಟರ್ ನಮ್ಮಲ್ಲಿ ಇಬ್ಬರ ಹತ್ತಿರ ಮಾತ್ರ ಇದೆ. ಉಳಿದಿಬ್ಬರು ಕೊಳ್ಳುವವರೆಗೆ ಹಳೆಯದನ್ನೇ ಆಡುವುದು ಅಂತ ಮಾತಾಗಿದೆ. ಸದ್ಯಕ್ಕೆ ನಮ್ಮ ಆಟದಲ್ಲಿ ಪೋರ್ಚುಗಲ್ ಹಡಗುಗಳು ಗೋವಾ ಹತ್ತಿರ ಬಂದಿವೆ. ಹಾವೇರಿಯವನು ನನಗೂ ಗದಗಿನವನಿಗೂ ಬೇರೆ ಬೇರೆಯಾಗಿ ಫೋನ್ ಮಾಡಿದ್ದಾನೆ. ಇಬ್ಬರಿಗೂ ಏನೇನು ಕೊಡುತ್ತೇನೆ ಅಂದಿದ್ದಾನೋ, ಈ ಶನಿವಾರ ಗೊತ್ತಾಗುತ್ತದೆ.