ಮನೆಯಲ್ಲೇ ಜೋಡಿಸಿದ ಪಿಸಿ ತಾನಾಗಿಯೇ ರೀಸ್ಟಾರ್ಟ್ ಆಗುತ್ತಿದೆಯಾ?

ಸುಮ್ನೆ ವಿಂಡೋಸ್ ಮತ್ತೆ ಹಾಕಬೇಡಿ. ವಿಂಡೋಸ್‌ನ ದಾಖಲೆ ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್ ಪವರ್ 41 ಎಂಬ ದಾಖಲೆ ಕಂಡರೆ ಪಿಸಿ ಸರಿಯಾಗಿ ಶಟ್‌ಡೌನ್ ಆಗಿಲ್ಲ ಎಂದಷ್ಟೇ ಅರ್ಥ, ಕಾರಣ ಸಾಮಾನ್ಯವಾಗಿ ಅದರಲ್ಲಿ ಸಿಗುವುದಿಲ್ಲ. ಮೊದಲು ಬಯೋಸ್‌ನಲ್ಲಿ (ಪಿಸಿ ಶುರುವಾಗುವಾಗ ತೆರೆಯುವ ಸೆಟ್ಟಿಂಗ್ಸ್) ರ್‍ಯಾಮ್ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಆಫ್ ಮಾಡಿ ನೋಡಿ. ಆಮೇಲೆ ಪ್ಲಗ್ ತೆಗೆದು ರ್‍ಯಾಮ್ ಕಳಚಿ. ನಮ್ಮ ಮಂಗಳೂರು, ಮಲ್ಪೆ ಕಡೆ ಮಳೆಗಾಲದ ಥಂಡಿ, ಉಪ್ಪುಗಾಳಿ ಎರಡೂ ಜಾಸ್ತಿ ಅಲ್ವಾ, ರ್‍ಯಾಮ್‌ನ ಅಂಚಿನ ಚಿನ್ನದ ಬಣ್ಣದ ಪಟ್ಟಿಗಳ ಮೇಲೆ ಮಂಕು ಪದರ ಕೂತಿರಬಹುದು. ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿಯನ್ನು ಬ್ರಷ್‌ನಿಂದ ಪೂರ್ತಿ ಕೊಡವಿ, ಲಾಕ್ ಟಕ್ ಅನ್ನುವವರೆಗೆ ಒತ್ತಿ ಕೂರಿಸಿ. ಒಂದೊಂದೇ ಸ್ಟಿಕ್ ಹಾಕಿ ರ್‍ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಪ್ರೋಗ್ರಾಂ ರಾತ್ರಿಯಿಡೀ ಓಡಿಸಿ. ಗೇಮ್ ಆಡುವಾಗ ಮಾತ್ರ ಆಫ್ ಆಗುತ್ತದಾ? ಹಾಗಿದ್ದರೆ ಹೆಚ್ಚಾಗಿ ಬಿಸಿ ಅಥವಾ ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಕಾರಣ. ಗುರುತಿನವರ ಒಳ್ಳೆಯ ಎಸ್‌ಎಂಪಿಎಸ್ ತಂದು ಹಾಕಿ ನೋಡಿ, ಕೇಬಲ್ ಮಾತ್ರ ಅದರದ್ದೇ ಇರಲಿ, ಹಳೆಯದರ ಕೇಬಲ್ ಸಿಕ್ಕಿಸಿದರೆ ಬೋರ್ಡೇ ಸುಟ್ಟೀತು.