ದೀಪ ಕಟ್ಟುವ ಮೊದಲು ಹಗ್ಗ ಮುಟ್ಟಿ ನೋಡಿ
ಕಲಬುರಗಿಯಲ್ಲಿ ಶರಣಬಸವೇಶ್ವರ ಜಾತ್ರೆಗೆ ನಾಟಕ ಕಟ್ಟುವ ಗೆಳೆಯರೇ, ದಯವಿಟ್ಟು 1000 ವಾಟ್‌ನ ದೀಪವನ್ನು ನೈಲಾನ್ ಹಗ್ಗದಲ್ಲಿ ಕಟ್ಟಬೇಡಿ. ಹೋದ ವರ್ಷ ತಾಲೀಮಿನ ನಡುವೆ ನಮ್ಮದೊಂದು ದೀಪ ವಾಲಿತು. ಏಣಿ ಹತ್ತಿ ನೋಡಿದರೆ ಗಂಟು ಕರಗಿ ಗಾಜಿನಂತೆ ಗಟ್ಟಿಯಾಗಿತ್ತು. ಸರಿಯಾಗಿ ಅದರ ಕೆಳಗೆ ಹುಡುಗಿಯೊಬ್ಬಳು ಮಾತು ಒಪ್ಪಿಸುತ್ತಿದ್ದಳು. ಈಗಲೂ ನೆನೆದರೆ ಎದೆ ಝಲ್ಲೆನ್ನುತ್ತದೆ.

ದೀಪವನ್ನು ಮೇಲಿನ ಕೊಳವೆಗೆ ಹಿಡಿದಿಡುವ ಕ್ಲಾಂಪ್ ಬಿಗಿದ ಮೇಲೂ ಪ್ರತಿ ದೀಪಕ್ಕೆ ಪ್ರತ್ಯೇಕ ಉಕ್ಕಿನ ತಂತಿ ಹಾಕಿ, ಆ ಕೊಳವೆಗೆ ಸುತ್ತಿ. ತಂತಿ ಸಡಿಲವಿರಬಾರದು, ಉದ್ದ ಬಿಟ್ಟಷ್ಟೂ ದೀಪ ಬಿದ್ದಾಗಿನ ಜಗ್ಗು ಹೆಚ್ಚಿ, ತಂತಿಯೇ ಹರಿಯಬಹುದು. ಪರದೆಯ ಹಗ್ಗಗಳನ್ನು ಮಾಳಿಗೆಯ ಮೇಲೆ ಇಡಬೇಡಿ, ನಮ್ಮ ಬಿಸಿಲಿಗೆ ನೈಲಾನ್ ಎಳೆಗಳು ಬಲ ಕಳೆದುಕೊಳ್ಳುತ್ತವೆ. ಮೇಲೆ ಕೆಲಸ ನಡೆಯುವಾಗ ವೇದಿಕೆ ಖಾಲಿ ಮಾಡಿಸಿ. ಸ್ಪ್ಯಾನರಿಗೂ ದಾರ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಳ್ಳಿ.