ಲಿಫ್ಟ್‌ನಲ್ಲಿ ಇಳಿದವನ ಇಂಕಾ ದಾರಿ

ಹುಬ್ಬಳ್ಳಿಯಲ್ಲಿ ಆರು ಅಂತಸ್ತಿನ ಅಪಾರ್ಟ್‌ಮೆಂಟ್ ಒಂದರಲ್ಲಿ ನಮ್ಮ ಮನೆ. ಐದು ತಿಂಗಳು ದಿನಾ ಸಂಜೆ 6 ಕಿಲೋ ಜೋಳ ತುಂಬಿದ ಬ್ಯಾಗ್ ಬೆನ್ನಿಗೆ ಹಾಕಿಕೊಂಡು ಅದರ ಮೆಟ್ಟಿಲು ಹತ್ತಿದೆ. ಮೇಲೆ ಮುಟ್ಟಿದರೆ ಲಿಫ್ಟ್‌ನಲ್ಲಿ ಕೆಳಗೆ. ಮತ್ತೆ ಹತ್ತು. ಒಂದು ಸಂಜೆಗೆ ಹತ್ತು ಹನ್ನೆರಡು ಸಲ. ಇಳಿಯುವುದೇನು ದೊಡ್ಡ ಮಾತು, ಉರುಳಿಸಿದರೆ ಕುಂಬಳಕಾಯಿ ಕೂಡ ಇಳಿಯುತ್ತದೆ ಅಂತ ನನ್ನ ಲೆಕ್ಕ. ಆ ಲೆಕ್ಕ ತಪ್ಪಿದ್ದು ಪೆರು ದೇಶದ ಬೆಟ್ಟದಲ್ಲಿ, ಮೂರನೇ ದಿನದ ಮಧ್ಯಾಹ್ನ.

ನಾನು ಹೋಗಿದ್ದು ಮಾಚು ಪಿಚು ಎಂಬ ಬೆಟ್ಟದ ಮೇಲಿನ ಹಾಳೂರಿಗೆ. ರೈಲಿನಲ್ಲಲ್ಲ, ನಡೆದು. ಹಿಂದೆ ಅಲ್ಲಿ ಆಳಿದ ಇಂಕಾ ಜನ ಕಲ್ಲು ಹಾಸಿ ಮಾಡಿದ ಹಳೆಯ ದಾರಿಯಲ್ಲಿ ನಾಲ್ಕು ದಿನ, ಸುಮಾರು 43 ಕಿಲೋಮೀಟರ್. ವಿಷಯ ಹೇಳಿದಾಗ ಅವ್ವ ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತದೆ ಕೇಳಿದಳು, "ಕಲ್ಲು ನೋಡಾಕ ಅಷ್ಟ ದೂರ ಹೋಗಬೇಕೇನೋ? ಲಕ್ಕುಂಡಿ ಏನ್ ಓಡಿ ಹೋಗೈತೇನು?" ನನ್ನ ಹತ್ತಿರ ಉತ್ತರ ಇರಲಿಲ್ಲ. ನಲವತ್ತೊಂಬತ್ತು ವರ್ಷ ಆಗಿತ್ತು, ಸಕ್ಕರೆ ಕಾಯಿಲೆ ಇನ್ನೂ ಬಂದಿರಲಿಲ್ಲ, ಈಗ ಆಗದಿದ್ದರೆ ಇನ್ನು ಆಗುವುದಿಲ್ಲ ಅನ್ನಿಸಿತ್ತು. ಅಷ್ಟೇ.

ಮೊದಲು ಪರ್ಮಿಟ್ ಮಾತು. ಈ ದಾರಿಗೆ ದಿನಕ್ಕೆ 500 ಜನರನ್ನು ಮಾತ್ರ ಬಿಡುತ್ತಾರೆ. ಅದರಲ್ಲಿ ಗೈಡ್, ಅಡುಗೆಯವರು, ಹಮಾಲರು ಎಲ್ಲರೂ ಸೇರಿದರು. ನಮ್ಮಂಥವರಿಗೆ ಉಳಿಯುವುದು ಸುಮಾರು 200. ಲೈಸೆನ್ಸ್ ಇರುವ ಏಜೆನ್ಸಿ ಮೂಲಕವೇ ಹೋಗಬೇಕು, ಒಬ್ಬರೇ ಹೋಗುವಂತಿಲ್ಲ. ಫೆಬ್ರವರಿಯಲ್ಲಿ ರಿಪೇರಿಗೆ ದಾರಿ ಪೂರ್ತಿ ಬಂದ್. ಮೇ ತಿಂಗಳಿಂದ ಅಲ್ಲಿ ಒಣ ಹವೆ, ಹಾಗಾಗಿ ಆ ತಿಂಗಳುಗಳ ಪರ್ಮಿಟ್ ಬೇಗ ಖಾಲಿಯಾಗುತ್ತವೆ. ನಾನು ಏಳು ತಿಂಗಳು ಮೊದಲೇ ಹಣ ಕಟ್ಟಿದ್ದೆ. ಪರ್ಮಿಟ್‌ನಲ್ಲಿ ಪಾಸ್‌ಪೋರ್ಟ್ ನಂಬರ್ ಇರುತ್ತದೆ, ಬಾಗಿಲಲ್ಲಿ ತಾಳೆ ನೋಡುತ್ತಾರೆ. ನಡುವೆ ಪಾಸ್‌ಪೋರ್ಟ್ ಬದಲಾಗುವುದಿದ್ದರೆ ಮೊದಲೇ ತಿಳಿಸಿಬಿಡಿ.

ತಯಾರಿಗೆ ಮೆಟ್ಟಿಲು ಬಿಟ್ಟರೆ ಬೆಳಿಗ್ಗೆ ನೃಪತುಂಗ ಬೆಟ್ಟ, ತಿಂಗಳಿಗೆ ಒಂದೆರಡು ಭಾನುವಾರ ಕಪ್ಪತಗುಡ್ಡ. ಕಪ್ಪತಗುಡ್ಡಕ್ಕೆ ಹೋದಾಗ ಡಂಬಳದ ದೊಡ್ಡಬಸಪ್ಪನ ಗುಡಿಗೆ ಹೋಗದೆ ಬರುತ್ತಿರಲಿಲ್ಲ. ಆ ನಕ್ಷತ್ರದಾಕಾರದ ಗೋಡೆಯ ಮೂಲೆಗಳನ್ನು ಎಣಿಸುವುದು ನನಗೆ ಚಿಕ್ಕಂದಿನ ಚಟ. ಇಷ್ಟೆಲ್ಲ ಮಾಡಿದರೂ ಒಂದು ವಿಷಯಕ್ಕೆ ಇಲ್ಲಿ ತಯಾರಿ ಮಾಡಲು ಬರುವುದಿಲ್ಲ. ಅದು ತೆಳು ಗಾಳಿ. ಹುಬ್ಬಳ್ಳಿ ಇರುವುದು ಸಮುದ್ರ ಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿ. ನಾವು ವಿಮಾನ ಇಳಿಯುವ ಕುಸ್ಕೋ ಊರು 3400 ಮೀಟರ್. ಮೊದಲ ರಾತ್ರಿ ಹೋಟೆಲಿನ ಒಂದೇ ಮಹಡಿ ಹತ್ತಿ ಏದುಸಿರು ಬಿಟ್ಟೆ. ಐದು ತಿಂಗಳ ಜೋಳದ ಮೂಟೆ ಎಲ್ಲಿ ಹೋಯಿತೋ! ಬುದ್ಧಿವಂತಿಕೆ ಅಂದರೆ ಮರುದಿನವೇ ಒಯಾಂತಾಯ್ತಾಂಬೊ ಎಂಬ ಊರಿಗೆ ಇಳಿದು ಹೋಗಿದ್ದು. ಅದು 2800 ಮೀಟರ್. ಅಲ್ಲಿ ಎರಡು ರಾತ್ರಿ ಮಲಗಿದ ಮೇಲೆ ತಲೆನೋವು ಬಿಟ್ಟಿತು. ಎಲ್ಲರೂ ಕೋಕಾ ಎಲೆಯ ಚಹಾ ಕುಡಿಯುತ್ತಾರೆ, ನಾನೂ ಕುಡಿದೆ. ಒಣ ಹುಲ್ಲಿನ ವಾಸನೆ, ಕುಡಿಯಬಹುದು. ಆ ಎಲೆ ಮಾತ್ರ ವಾಪಸ್ ಬರುವಾಗ ಬ್ಯಾಗಿನಲ್ಲಿ ಇರಬಾರದು. ಅಲ್ಲಿ ಬೀದಿಯಲ್ಲಿ ಮಾರುವ ಸರಕು, ಬೇರೆ ದೇಶದಲ್ಲಿ ಕೇಸ್.

ದಾರಿ ಶುರುವಾಗುವುದು ರೈಲು ಹಳಿಯ 82ನೇ ಕಿಲೋಮೀಟರ್ ಎಂಬ ಜಾಗದಲ್ಲಿ. ಅಲ್ಲಿ ಹಮಾಲರ ಮೂಟೆಗಳನ್ನು ತೂಕಕ್ಕೆ ಹಾಕುತ್ತಾರೆ. ಒಬ್ಬರಿಗೆ 20 ಕಿಲೋ, ಅದಕ್ಕಿಂತ ಜಾಸ್ತಿ ಹೊರಿಸುವಂತಿಲ್ಲ, ಕಾನೂನೇ ಇದೆ. ನಮ್ಮ ಎಪಿಎಂಸಿಯಲ್ಲಿ ಮೂಟೆ ಹೊರುವವರ ಬೆನ್ನು ನೆನಪಾಯಿತು. ಈ ಹಮಾಲರು ಚಪ್ಪಲಿ ಹಾಕಿಕೊಂಡು, ಟೆಂಟು, ಗ್ಯಾಸು, ಪಾತ್ರೆ ಹೊತ್ತು ನಮ್ಮನ್ನು ದಾಟಿ ಓಡುತ್ತಾರೆ. ನಾವು ಮುಟ್ಟುವಷ್ಟರಲ್ಲಿ ಟೆಂಟು ನಿಂತಿರುತ್ತದೆ, ಬಿಸಿನೀರು ಕಾದಿರುತ್ತದೆ. ಸಾವಿರಾರು ರೂಪಾಯಿಯ ಬೂಟು ಹಾಕಿದ ನನಗೆ ನಾಚಿಕೆಯೇ ಆಯಿತು.

ಮೊದಲ ದಿನ ಸುಲಭ. ಪಾತಾಯಾಕ್ತಾ ಎಂಬ ಹಾಳೂರು ದಾರಿ ಪಕ್ಕದ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹರಡಿಕೊಂಡಿದೆ, ಮೇಲಿನಿಂದ ನೋಡಬೇಕು. ಆ ರಾತ್ರಿ ಊಟಕ್ಕೆ ಕೀನ್ವಾ ಸೂಪು, ಆಲೂಗಡ್ಡೆ. ಕೀನ್ವಾ ಅಂದರೆ ನಮ್ಮ ನವಣೆಯ ದೂರದ ನೆಂಟನ ಹಾಗಿದೆ. ನಾನು ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ತೆಗೆದೆ. ಅಡುಗೆಯವನು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು "ಮಾನಿ!" ಅಂದ. ಶೇಂಗಾಕ್ಕೆ ಅಲ್ಲಿನ ಹೆಸರು. ಗೈಡ್ ನಕ್ಕು ಹೇಳಿದ, ಶೇಂಗಾ, ಮೆಣಸಿನಕಾಯಿ ಎರಡೂ ಅಮೆರಿಕ ಖಂಡಗಳ ಬೆಳೆ, ನಿಮ್ಮ ಕಡೆ ಬಂದಿದ್ದು ಪೋರ್ಚುಗೀಸರ ಹಡಗಿನಲ್ಲಿ. ಆಲೂಗಡ್ಡೆಯೂ ಅಲ್ಲಿನದೇ. ಊರಿಗೆ ಬಂದು ಇದನ್ನು ಹೇಳಿದರೆ ಅವ್ವ ಒಪ್ಪಲಿಲ್ಲ. ಅವಳ ತವರು ಬ್ಯಾಡಗಿ. ಮೆಣಸಿನಕಾಯಿ ಪರದೇಶದ್ದು ಅಂದರೆ ಅವಳ ಅಪ್ಪನನ್ನೇ ಬೈದ ಹಾಗೆ.

ಎರಡನೇ ದಿನ ಎಲ್ಲರೂ ಹೆದರಿಸುವ ದಿನ. ವಾರ್ಮಿವಾನ್ಯುಸ್ಕಾ ಎಂಬ, ಬೆಟ್ಟ ದಾಟುವ ಎತ್ತರದ ಕಣಿವೆದಾರಿ, ಸತ್ತ ಹೆಂಗಸು ಅಂತ ಅರ್ಥ. ದೂರದಿಂದ ನೋಡಿದರೆ ಮಲಗಿದ ಹೆಂಗಸಿನ ಹಾಗೆ ಕಾಣುತ್ತದೆ. ಎತ್ತರ 4215 ಮೀಟರ್. ಬೆಳಿಗ್ಗೆ 3000 ಮೀಟರ್‌ನಿಂದ ಹೊರಟು ಅಲ್ಲಿಗೆ ಹತ್ತಬೇಕು. ನಾನು ಗಾಣದ ಎತ್ತಿನ ಹೆಜ್ಜೆ ಹಿಡಿದೆ. ಇಪ್ಪತ್ತು ಹೆಜ್ಜೆ, ನಿಲ್ಲು, ನಾಲ್ಕು ಉಸಿರು. ಮತ್ತೆ ಇಪ್ಪತ್ತು. ಪಕ್ಕದವರ ಜೊತೆ ಮಾತಾಡಲು ಆಗದಷ್ಟು ಉಸಿರು ಸಿಕ್ಕಿಕೊಂಡರೆ ವೇಗ ಜಾಸ್ತಿ ಆಯಿತು ಅಂತ ಅರ್ಥ. ನಮ್ಮ ಗುಂಪಿನ ಇಪ್ಪತ್ತೈದರ ಹುಡುಗರು ಓಡಿ ಹತ್ತಿ ಮೇಲೆ ವಾಂತಿ ಮಾಡಿಕೊಂಡರು. ನಾನು ಕೊನೆಗೆ ಮುಟ್ಟಿದೆ, ಆದರೆ ಹಸಿವಾಗಿತ್ತು. ಒಳಗೊಳಗೇ ಬೀಗಿದೆ, ಸುಳ್ಳು ಯಾಕೆ ಹೇಳಲಿ?

ಬೀಗಿದ್ದು ಒಂದು ದಿನವೂ ಉಳಿಯಲಿಲ್ಲ. ಆ ಕಣಿವೆದಾರಿಯಿಂದ 600 ಮೀಟರ್ ಇಳಿದಾಗಲೇ ತೊಡೆ ನಡುಗಿತ್ತು. ಮೂರನೇ ದಿನ ಸುಮಾರು 16 ಕಿಲೋಮೀಟರ್. ಅದರ ಕೊನೆಯ ಭಾಗದಲ್ಲಿ ಫುಯುಪಾಟಾಮಾರ್ಕಾ ಎಂಬ ಹಾಳೂರಿನಿಂದ ನಮ್ಮ ಟೆಂಟ್ ಇದ್ದ ವಿನ್ಯಾಯ್ ವಾಯ್ನಾದವರೆಗೆ 1000 ಮೀಟರ್ ಇಳಿಜಾರು, ಬಹುಪಾಲು ಕಲ್ಲಿನ ಮೆಟ್ಟಿಲು. ಮೆಟ್ಟಿಲು ಒಂದೊಂದು ಒಂದೊಂದು ಎತ್ತರ. ಒಂದು ಗೇಣುದ್ದ, ಮುಂದಿನದು ಮೊಳಕಾಲುದ್ದ. ಮಂಜು ಬಿದ್ದು ಜಾರುತ್ತಿದ್ದವು. ಒಂದು ಗಂಟೆಯ ನಂತರ ಎಡ ಮೊಳಕಾಲು ಮಡಚಲು ಬಾರದು. ಬೂಟು ಸ್ವಲ್ಪ ಬಿಗಿ ಇತ್ತು, ಪ್ರತಿ ಹೆಜ್ಜೆಗೂ ಹೆಬ್ಬೆರಳು ಮುಂದೆ ಬಡಿಯುತ್ತಿತ್ತು. ಆಗ ನೆನಪಾಗಿದ್ದು ನಮ್ಮ ಲಿಫ್ಟು.

ಹತ್ತುವಾಗ ಉಸಿರು ಸಾಕಾಗುವುದಿಲ್ಲ, ನಿಂತರೆ ಸರಿಹೋಗುತ್ತದೆ. ಇಳಿಯುವಾಗ ಮೈ ಭಾರವನ್ನೆಲ್ಲ ತೊಡೆಯ ಮುಂದಿನ ಸ್ನಾಯು ತಡೆದು ಹಿಡಿಯಬೇಕು. ಅದಕ್ಕೆ ರೂಢಿ ಇಲ್ಲದಿದ್ದರೆ ನಿಂತರೂ ಸರಿಹೋಗುವುದಿಲ್ಲ. ಗೈಡ್ ತನ್ನ ಇನ್ನೊಂದು ಕೋಲು ಕೊಟ್ಟ. ಕೋಲುಗಳ ತುದಿಗೆ ರಬ್ಬರ್ ಇರಲೇಬೇಕು, ಹಳೆಯ ಕಲ್ಲು ಸವೆಯಬಾರದಲ್ವಾ. ಎರಡು ಕೋಲು ಊರಿ, ಅಡ್ಡಡ್ಡ ತಿರುಗಿ, ಏಡಿಯ ಹಾಗೆ ಇಳಿದೆ. ಎರಡೂವರೆ ತಾಸಿನದು ನನಗೆ ನಾಲ್ಕೂವರೆ ತಾಸಾಯಿತು. ಟಾರ್ಚ್ ಹಚ್ಚಿಕೊಂಡು ಟೆಂಟ್ ಮುಟ್ಟಿದೆ. ಬೂಟು ಬಿಚ್ಚಿದರೆ ಎರಡೂ ಹೆಬ್ಬೆರಳಿನ ಉಗುರು ಕಪ್ಪು.

ನಾಲ್ಕನೇ ದಿನ ನಸುಕಿನ ಮೂರೂವರೆಗೆ ಎಬ್ಬಿಸಿದರು. ಐದೂವರೆಗೆ ಗೇಟು ತೆಗೆಯುವ ತನಕ ಕತ್ತಲಲ್ಲಿ ಸಾಲು. ಆಮೇಲೆ ಐದಾರು ಕಿಲೋಮೀಟರ್. ಇಂತಿಪುಂಕು ಅಂದರೆ ಸೂರ್ಯನ ಬಾಗಿಲು. ಅಲ್ಲಿಂದ ಮಾಚು ಪಿಚು ಮೊದಲ ಸಲ ಕಾಣಬೇಕು. ನಮಗೆ ಕಂಡಿದ್ದು ಬಿಳಿ ಮಂಜು, ಇಪ್ಪತ್ತು ನಿಮಿಷ ಬರೀ ಮಂಜು. ಫೋಟೋಕ್ಕೆ ಬಂದವರು ಅಳುಮುಖ ಮಾಡಿಕೊಂಡು ಇಳಿದರು. ನಾನು ಮೆಲ್ಲಗೆ ಇಳಿಯುತ್ತಿದ್ದೆನಲ್ಲ, ಅರ್ಧ ದಾರಿಯಲ್ಲಿ ಮಂಜು ಹರಿಯಿತು. ನಿಧಾನ ಆದದ್ದಕ್ಕೆ ಸಿಕ್ಕ ಲಾಭ ಅದೊಂದೇ.

ಊರು 15ನೇ ಶತಮಾನದ್ದು. ಅಮೆರಿಕದ ಅನ್ವೇಷಕ ಹೈರಮ್ ಬಿಂಗಮ್ 1911ರಲ್ಲಿ ಬಂದು ಹೊರಜಗತ್ತಿಗೆ ತಿಳಿಸಿದ. ಲಕ್ಕುಂಡಿ ನೋಡಿ ಬೆಳೆದ ಕಣ್ಣು ಮೊದಲು ಹುಡುಕಿದ್ದು ಕೆತ್ತನೆ. ಬಳ್ಳಿ ಇಲ್ಲ, ನರ್ತಕಿ ಇಲ್ಲ, ಸಿಂಹ ಇಲ್ಲ. ಮೊದಲ ಅರ್ಧ ತಾಸು ನಿಜಕ್ಕೂ ಸಪ್ಪೆ ಅನ್ನಿಸಿತು. ಆಮೇಲೆ ಸೂರ್ಯನ ಗುಡಿಯ ಬಾಗಿದ ಗೋಡೆಯ ಮುಂದೆ ನಿಂತೆ. ನಮ್ಮವರ ಬಳಪದ ಕಲ್ಲು ಮೆತ್ತಗೆ, ಅವರದು ಗ್ರಾನೈಟ್. ಕಬ್ಬಿಣದ ಉಳಿ ಇರಲಿಲ್ಲ, ಕಲ್ಲಿನಿಂದಲೇ ಕಲ್ಲು ಕುಟ್ಟಿ ತಿಕ್ಕಿ ಕೂಡಿಸಿದ್ದಾರೆ. ಗಾರೆ ಇಲ್ಲ, ಸಂದಿಯಲ್ಲಿ ಚಾಕು ತೂರುವುದಿಲ್ಲ. ಎಲ್ಲ ಕುಶಲತೆಯೂ ಸಂದಿಯಲ್ಲೇ ಅಡಗಿದೆ.

ಇನ್ನೊಂದು ಮಾತು ನನ್ನನ್ನು ಕಾಡಿತು. ಒಂದು ಅಕ್ಷರವೂ ಇಲ್ಲ. ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಬಸದಿ ಕಟ್ಟಿಸಿದ್ದು ಶಾಸನದಿಂದಲೇ ಗೊತ್ತಾಗುತ್ತದೆ, ಸಾವಿರ ವರ್ಷ ಆದರೂ. ಇಂಕಾಗಳು ಲೆಕ್ಕವನ್ನು ದಾರದ ಗಂಟಿನಲ್ಲಿ ಇಟ್ಟವರು, ಲಿಪಿ ಇರಲಿಲ್ಲ. ಇದನ್ನು ಕಟ್ಟಿಸಿದ್ದು ಪಾಚಾಕುತಿ ಎಂಬ ದೊರೆ ಅಂತ ವಿದ್ವಾಂಸರು ಹೇಳುತ್ತಾರೆ. ಗೋಡೆ ಮಾತ್ರ ಏನೂ ಹೇಳುವುದಿಲ್ಲ. ನಮ್ಮ ಕಡೆ ಹೊಲದ ದಂಡೆಯಲ್ಲಿ ಬಿದ್ದ ಶಾಸನದ ಮೇಲೆ ಬಟ್ಟೆ ಒಗೆಯುತ್ತಾರಲ್ಲ, ಅದು ಎಂಥ ಸಿರಿ ಅಂತ ಅಲ್ಲಿ ನಿಂತು ಅನ್ನಿಸಿತು.

ವಾಪಸ್ ಬಂದು ಉಗುರು ಉದುರಿ ಹೊಸದು ಬರಲು ಏಳೆಂಟು ತಿಂಗಳಾಯಿತು. ಬೂಟು ಕೊಳ್ಳುವವರು ಸಂಜೆ ಹೊತ್ತು, ದಪ್ಪ ಕಾಲುಚೀಲ ಹಾಕಿಕೊಂಡು, ಇಳಿಜಾರಿನಲ್ಲಿ ನಿಂತು ನೋಡಿ ಕೊಳ್ಳಿ. ನಾನು ಈಗಲೂ ಜೋಳದ ಬ್ಯಾಗ್ ಬಿಟ್ಟಿಲ್ಲ. ಮೊನ್ನೆ ಮೆಟ್ಟಿಲು ಇಳಿಯುತ್ತಿದ್ದಾಗ ನಾಲ್ಕನೇ ಮಹಡಿಯವರು ಎದುರಾದರು.

"ಯಾಕ್ರೀ ಸರ, ಲಿಫ್ಟ್ ಕೆಟ್ಟೈತೇನ್ರೀ?"

"ಇಲ್ರೀ, ಅದರಾಗ ಈಗಷ್ಟ ಮ್ಯಾಲ ಬಂದೆ."